ಮೂರು ಮಾರಿನ ಮಡು

ನಮ್ಮ ಮಾವ, ಅಂದ್ರ ಹೆಂಡತಿ ತಂದಿ, ಭಾಲ್ಕಿ ಕಡಿಯವ್ರು. ಊರ ಹಿಂದಿನ ಸಣ್ಣ ಕೆರಿಯಾಗ ಗಾಳ ಹಾಕೂದರಾಗ ಅವ್ರನ್ನ ಮೀರ್ಸೋರು ಯಾರೂ ಇಲ್ಲ. ಅಳಿಯಂದಿರು ಇಬ್ರು. ದೊಡ್ಡವ್ರು ಬೀದರದಾಗ ಬ್ಯಾಂಕ್ ನೌಕರಿ, ಮಾವನ ಮನಿಗಿ ಬಂದ್ರ ಅವ್ರಿಗಿ ಕುರ್ಚಿ. ನಾನು ಔರಾದದಾಗ ಜಮೀನು ಅಳಿಯೋ ಕಚೇರಿಯಾಗ ನಕಾಶಿ ಬರಿಯೋನು, ನನಗ ಚಾಪಿ. "ಅಳಿಯಾರ, ನಡ್ರಿ ಕೆರಿಗಿ ಹೋಗೋಣ" ಅಂತ ಒಂದೇ ಒಂದು ಸಲ ಅವ್ರ ಬಾಯಿಂದ ಬರ್ಲಿ ಅಂತ ವರ್ಷಗಟ್ಟಲೆ ಕಾದೆ. ನಾಚಿಕಿ ಬಿಟ್ಟು ಹೇಳ್ತೇನಿ, ನನಗ ಮೀನು ಬೇಕಾಗಿರ್ಲಿಲ್ಲ, ಆ ಮಾತು ಬೇಕಾಗಿತ್ತು.

ಒಮ್ಮಿ ನಾನೇ ಬಾಯಿಬಿಟ್ಟು ಕೇಳ್ದೆ. "ನಿಮಗ್ಯಾಕ್ರಿ ಇದೆಲ್ಲ? ಕಾಗದದ ಮ್ಯಾಲ ಗೆರಿ ಹೊಡಿಯೋರಿಗಿ ನೀರಾಗ ಏನು ಕಾಣ್ತದ?" ಅಂದು ನಕ್ಕೋತ ಹೋದ್ರು. ಆಯ್ತು, ಗೆರಿ ಹೊಡದೇ ತೋರಿಸ್ತೇನಿ ಅಂತ ನನಗೂ ಹಟ ಬಂತು.

ಆ ಬ್ಯಾಸಗಿ ಪೂರಾ ಐತವಾರಕ್ಕೊಮ್ಮಿ ಔರಾದದಿಂದ ಮೊದಲನೇ ಬಸ್ಸು ಹಿಡದು ಬರ್ತಿದ್ದೆ. ಟ್ರ್ಯಾಕ್ಟರ್ ಟ್ಯೂಬಿನ ಮ್ಯಾಲ ಕುಂತು, ಮಾರಿಗೊಂದು ಗಂಟು ಹಾಕಿದ ಹಗ್ಗಕ್ಕ ಕಲ್ಲು ಕಟ್ಟಿ, ಕೆರಿ ತುಂಬ ಇಳಿಬಿಟ್ಟೆ. ಎಷ್ಟು ಗಂಟು ಮುಳುಗ್ತಾವ, ಅಷ್ಟು ಮಾರು ಆಳ. ಒಂದು ಮಾರು ಆಳ ಇದ್ದ ಜಾಗ ಎಲ್ಲ ಕೂಡ್ಸಿ ಒಂದು ಗೆರಿ, ಎರಡು ಮಾರಿಗಿ ಇನ್ನೊಂದು. ಗೆರಿ ದೂರದೂರ ಇದ್ದಲ್ಲಿ ತಳ ಸಪಾಟ, ಒತ್ತೊತ್ತಿ ಬಂದಲ್ಲಿ ಒಮ್ಮಿಗೇ ಇಳುಕಲು. ಹಂಗೇ ಒಂದು ಜಾಗ ಸಿಕ್ತು. ಕೆರಿ ಕಟ್ಟೂದಕ್ಕಿಂತ ಮೊದಲ ಅಲ್ಲಿ ಹೊಲದ ಬದು ಇತ್ತಂತ. ಬದುವಿನ ಮ್ಯಾಲ ಒಂದೇ ಮಾರು ನೀರು, ತುಂಬ ಜೊಂಡು. ಬಾಜೂಕೇ ಮೂರು ಮಾರಿನ ಮಡು. ಜೊಂಡಿನಾಗ ಅಡಗಿ ಬೇಟಿ ಆಡೋ ಮರಲ್ ಮೀನಿಗಿ ಇದಕ್ಕಿಂತ ಛಲೋ ಮನಿ ಎಲ್ಲಿ ಸಿಗ್ತದ?

ಮೊದಲ ಮಳಿ ಬಿದ್ದ ವಾರ ನಕಾಶಿ ಹಿಡಕೊಂಡು ಹೋದೆ. ದಂಡಿ ಮ್ಯಾಲಿನ ಬೇವಿನ ಗಿಡ, ಅದರಾಚಿ ಪಂಪಿನ ಮನಿ, ಎರಡೂ ಒಂದೇ ಸಾಲಿಗಿ ಬಂದ್ರ ಮುಂದ ಅದೇ ಮಡು, ಅಲ್ಲಿ ನಿಂತೆ. ನೀರಿನ ಮ್ಯಾಲ ಅಂಗೈಯಗಲ ಕೆಂಪಗ ಏನೋ ಗಿರಗಿರ ತಿರುಗ್ತಿತ್ತು. ಗುರುತಿಗಿ ಆಯ್ತು ಅಂತ ಕೆಂಪು ಪೆನ್ಸಿಲಿನಿಂದ ನಕಾಶಿಯಾಗ ಒಂದು ಚುಕ್ಕಿ ಇಟ್ಟು, ಅದರ ಪಕ್ಕದಾಗೇ ಕಪ್ಪಿ ಸಿಗಿಸಿದ ಗಾಳ ಬಿಟ್ಟೆ. ಎಂಥಾ ಹುಚ್ಚ ನೋಡ್ರಿ ನಾನು! ಬಿಟ್ಟ ಕೂಡ್ಲೇ ಕಚ್ಚಿತು. ನನ್ನ ತೋಳುದ್ದ ಮರಲ್.

ಮೀನು ಹಿಡಕೊಂಡು ಮಾವನ ಮನಿಗಿ ಹೋದ್ರ ಅಂಗಳದಾಗ ನಾಕು ಮಂದಿ ಕುಂತಿದ್ರು. ಮಾವ ಮೀನು ನೋಡಿದ್ರು, ನನ್ನ ನೋಡಿದ್ರು.

"ನೀರಿನ ಮ್ಯಾಲ ಕೆಂಪಗ ಏನರ ಇತ್ತೇನ್ರಿ?"

"ಹೌದ್ರಿ ಮಾವಾರ, ಅದನ್ನೂ ಬರಕೊಂಡೇನಿ" ಅಂತ ಎದಿ ಉಬ್ಬಿಸಿ ನಕಾಶಿ ಮುಂದ ಹಿಡ್ದೆ.

"ಅವು ಇದರ ಮರಿ ಅವ್ರಿ. ಮರಿ ಕಾಯ್ಲಾಕ ನಿಂತಿದ್ದನ್ನ ಎಳದು ತಂದೀರಿ. ಮರಿ ತಿರುಗೋ ದಿನದಾಗ ನಮ್ಮೂರಾಗ ಯಾರೂ ಗಾಳ ಮುಟ್ಟಲ್ಲ."

ಮಂದಿ ಮುಂದ ನನ್ನ ಮಾರಿ ಸಣ್ಣದಾಯ್ತು. ಆ ಮರಿಗಳನ್ನ ಸಂಜಿ ಅನ್ನೋದರಾಗ ಬ್ಯಾರೆ ಮೀನು ನುಂಗಿರ್ತಾವ ಅಂತ ನೆನಸ್ಕೊಂಡು ಕಣ್ಣಾಗ ನೀರೇ ಬಂತು. "ಇದು ನಿಮ್ಮ ಕೈಯಾಗ ಇರೋದು ಬ್ಯಾಡ್ರಿ" ಅಂದು ಮಾವ ನಕಾಶಿ ಇಸ್ಕೊಂಡ್ರು. ಕೊಟ್ಟೆ. ತಪ್ಪು ನಂದೇ ಅಂತ ಶ್ರಾವಣ ಮುಗಿಯೋ ತನಕ ನನ್ನನ್ನ ನಾನೇ ಬೈಕೊಂಡೆ.

ಶ್ರಾವಣ ಮುಗದ ಮ್ಯಾಲ ಅಳಿಯಂದಿರಿಬ್ರನ್ನೂ ಊಟಕ್ಕ ಕರದ್ರು. ನಾ ಬಸ್ಸಿಳದು ಹೋಗೂದಕ್ಕೂ, ಮಾವ ಮತ್ತ ದೊಡ್ಡ ಅಳಿಯ ಕೆರಿ ಕಡಿಂದ ಬರೂದಕ್ಕೂ ಸರಿ ಆಯ್ತು. ಚೀಲದಾಗ ಎರಡು ಮರಲ್. ದೊಡ್ಡ ಅಳಿಯನ ಅಂಗಿ ಕಿಸೆದಾಗ, ಪ್ಲಾಸ್ಟಿಕ್ ಚೀಲದಾಗ ಮಡಚಿಟ್ಟ ನನ್ನ ನಕಾಶಿ. ಕೆಂಪು ಚುಕ್ಕಿ ಹೊರಗೇ ಕಾಣ್ತಿತ್ತು.

ಊಟಕ್ಕ ಕುಂತಾಗ ಬಾಜೂ ಮನಿಯವ್ರು, "ಇಷ್ಟು ಲಗೂ ಹ್ಯಾಂಗ ಸಿಕ್ವುರಿ?" ಅಂತ ಕೇಳಿದ್ರು.

"ನಮ್ಮ ದೊಡ್ಡ ಅಳಿಯಾರಿಗಿ ನೀರಿನ ತಳ ಹಂಗೇ ಕಣ್ಣಿಗಿ ಕಾಣ್ತದ್ರಿ" ಅಂದ್ರು ಮಾವ. ಮೀನಿನ ತಲಿ ತುಣುಕು ಅವ್ರ ತಾಟಿಗಿ ಹಾಕಿದ್ರು. ಆ ಮನಷ್ಯಾ ತಲಿ ಬಗ್ಗಿಸಿ ರೊಟ್ಟಿ ಮುರ್ಕೋತ ಕುಂತ. ಇರಿವಿ ಕಟ್ಟಿದ ಹುತ್ತಿನ್ಯಾಗ ಹಾವು ಸೇರ್ತದ ಅಂತಾರಲ್ಲ, ಅದನ್ನ ಎದುರಿಗೇ ಕುಂತು ನೋಡ್ದೆ. ಕಿಸೆದಾಗಿನ ಕಾಗದ ತೆಗಿ, ಅಕ್ಷರ ಯಾರದು ನೋಡು ಅಂತ ಒದರಬೇಕಿತ್ತು. ಮೊದಲೇ ತವರಿಗಿ ಬಂದಿದ್ದ ನನ್ನ ಹೆಂಡತಿ ಅಡಗಿ ಮನಿ ಬಾಗಲಾಗ ನಿಂತಿದ್ಲು, ಬ್ಯಾಡ ಅಂತ ಕಣ್ಣಾಗೇ ಕೈ ಮುಗದ್ಲು.

ಮಾವ ನನ್ನ ತಾಟಿಗಿ ಬಾಲದ ತುಣುಕು ಹಾಕಿ, "ಮುಂದಿನ ಸಲ ನೀವೂ ಬರ್ರಿ" ಅಂದ್ರು. "ಚೀಲ ಹಿಡಕೊಳ್ಳಾಕ ಒಬ್ರು ಬೇಕಾಗ್ತಾರ."

"ಬರ್ತೇನ್ರಿ ಮಾವಾರ" ಅಂದೆ.