ಕಪ್ಪಾಗದ ಟೇಪು

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಕಣ್ಣಿಗೆ ಕಾಣದ್ದನ್ನು ನಾನು ನಂಬುತ್ತಿರಲಿಲ್ಲ. ದೆವ್ವದ ಮಾತಾಡುವವರನ್ನು ಎದುರಿಗೇ ಗೇಲಿ ಮಾಡುತ್ತಿದ್ದೆ. ಕ್ರಿಮಿಯನ್ನೂ ಮನಸ್ಸಿನಲ್ಲಿ ನಂಬಿರಲಿಲ್ಲ. ಅದೇ ಮುಳುವಾಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಂತಾಮಣಿಯ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನನ್ನ ಕೆಲಸ. ಕತ್ತರಿ, ಬಟ್ಟೆ, ಹತ್ತಿಯನ್ನು ಸ್ಟೀಲಿನ ಡ್ರಮ್ಮಿಗೆ ತುಂಬಿ, ಮುಚ್ಚಳಕ್ಕೆ ಬಿಳಿ ಟೇಪು ಅಂಟಿಸಿ, ಕ್ರಿಮಿ ಸಾಯಲೆಂದು ಆಟೋಕ್ಲೇವಿನ ಉಗಿಯಲ್ಲಿ ಅರ್ಧ ಗಂಟೆ ಇಡಬೇಕು. ಉಗಿ ಸರಿಯಾಗಿ ತಾಗಿದರೆ ಟೇಪಿನ ಮೇಲೆ ಕಪ್ಪು ಗೀಟುಗಳು ಮೂಡುತ್ತವೆ. ಅದನ್ನು ನೋಡಿ ಸಿಸ್ಟರ್ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದರು.

ಆ ಬೇಸಿಗೆ ವಾಂತಿಭೇದಿ ಊರೂರಿಗೆ ಹಬ್ಬಿತು. ವರಾಂಡದಲ್ಲೂ ಚಾಪೆ ಹಾಸಿ ಗ್ಲೂಕೋಸ್ ಏರಿಸಿದೆವು. ಥಿಯೇಟರಿನಲ್ಲಿದ್ದ ನಾಲ್ಕು ಜನರನ್ನೂ ಅತ್ತ ಓಡಿಸಿದ ದೊಡ್ಡ ಡಾಕ್ಟರು ಇತ್ತ ಒಂದು ಆಪರೇಷನ್ನನ್ನೂ ಮುಂದಕ್ಕೆ ಹಾಕಲಿಲ್ಲ. "ಡ್ರಮ್ ಎಲ್ಲೋ? ನಿದ್ದೆ ಮಾಡ್ತಿದೀಯೇನೋ?" ಇದೊಂದೇ ಕೂಗು. ನಾನು ಹತ್ತು ನಿಮಿಷಕ್ಕೇ ಉಗಿ ಬಿಟ್ಟು ಡ್ರಮ್ ತೆಗೆದೆ. ಹಿಂದಿನ ದಿನದ ಗೀಟು ಬಿದ್ದ ಟೇಪನ್ನು ಕಿತ್ತು, ಗೋಂದು ಹಚ್ಚಿ, ಡ್ರಮ್ಮಿಗೆ ಅಂಟಿಸಿದೆ. ಒಂದು ದಿನವಲ್ಲ, ಎರಡು ವಾರ.

ಮುರುಗಮಲ್ಲದ ಕಡೆಯ ಒಬ್ಬ ಬಾಣಂತಿಯ ಸಿಸೇರಿಯನ್ ಹೊಲಿಗೆಯಲ್ಲಿ ಕೀವಾಯಿತು. ಇಂಜೆಕ್ಷನ್ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಜ್ವರ ಇಳಿಯಲಿಲ್ಲ. ಈ ಕ್ರಿಮಿಗೆ ಕೊಟ್ಟ ಔಷಧಿ ಯಾವುದೂ ನಾಟುವುದಿಲ್ಲವೆಂದು ಬೆಂಗಳೂರಿನಿಂದ ರಿಪೋರ್ಟು ಬಂದಾಗ ಆಕೆ ಸತ್ತು ಒಂದು ದಿನವಾಗಿತ್ತು.

ಅಂದು ಮಧ್ಯಾಹ್ನ ಹೆದರಿಕೊಂಡೇ ಎಲ್ಲವನ್ನೂ ನಿಯಮದಂತೆ ಮಾಡಿದೆ. ಒಂದೇ ಸುರುಳಿಯ ಹೊಸ ಟೇಪು. ಒಂದು ಡ್ರಮ್ಮಿಗೆ ನಾನು ಅಂಟಿಸಿದೆ, ಇನ್ನೊಂದಕ್ಕೆ ಸಿಸ್ಟರ್. ಎರಡನ್ನೂ ಒಟ್ಟಿಗೆ ಇಟ್ಟು ಪೂರ್ತಿ ಅರ್ಧ ಗಂಟೆ ಬಿಟ್ಟೆವು. ತೆಗೆದರೆ ಅವರದು ಕಪ್ಪು, ನನ್ನದು ಬಿಳಿ. ಮತ್ತೆ ಅಂಟಿಸಿದೆ, ಮತ್ತೆ ಬಿಳಿ. ಡ್ರಮ್ಮುಗಳನ್ನು ಅದಲುಬದಲು ಮಾಡಿದೆ. ಆಗಲೂ ನಾನು ಅಂಟಿಸಿದ್ದೇ ಬಿಳಿ.

"ಏನಪ್ಪಾ, ಟೇಪಿಗೂ ನಿನ್ನ ಕಂಡ್ರೆ ಆಗಲ್ವಾ?" ಎಂದು ಸಿಸ್ಟರ್ ನಕ್ಕರು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. "ಇಷ್ಟು ದಿನ ಹೆಂಗಪ್ಪಾ ಕಪ್ಪಾಗ್ತಿತ್ತು?"

ನಾನು ಡ್ರಮ್ ಎತ್ತಿಕೊಂಡು ಒಳಗೆ ನಡೆದೆ.

ಮರುದಿನ ದೊಡ್ಡ ಡಾಕ್ಟರು ಕೇಳಿದ್ದು ಸಹಿ ಯಾರದೆಂದು ಮಾತ್ರ. ಅವಸರ ಯಾರದು ಎಂದು ಕೇಳುವ ಯೋಗ್ಯತೆ ಅವರಿಗಿರಲಿಲ್ಲ. "ಟೇಪ್ ಅಂಟಿಸೋದು ಇವ್ನು ಸಾರ್, ಇವ್ನನ್ನೂ ಕೇಳಿ" ಎಂದರು ಸಿಸ್ಟರ್. "ಅವ್ರು ನೋಡೇ ಸಹಿ ಮಾಡಿದ್ದು ಸಾರ್" ಎಂದೆ ನಾನು. ಸಾಯಂಕಾಲದೊಳಗೆ ಅವರನ್ನು ಕೆಲಸದಿಂದ ತೆಗೆದರು. ಆ ಡಾಕ್ಟರ ಮೇಲೆ ಇಂದಿಗೂ ಮೈಯುರಿಯುತ್ತದೆ. ಆದರೆ ಆ ಮಾತಾಡಿದ ನಾಲಿಗೆ ನನ್ನದು.

ಸಿಸ್ಟರ್ ಹೋದ ಮಾರನೆಯ ದಿನ ನಾನು ಅಂಟಿಸಿದ ಟೇಪು ಕಪ್ಪಾಯಿತು. ಅದೇ ಸುರುಳಿ, ಅದೇ ಕೈ. ಟೇಪು ಕೆಟ್ಟಿತ್ತೆಂದರೆ ಅವರದು ಹೇಗೆ ಕಪ್ಪಾಯಿತು? ನನಗೆ ಇನ್ನೂ ಗೊತ್ತಾಗಿಲ್ಲ.

ಆಮೇಲೆ ಒಮ್ಮೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಕಂಬದ ಮರೆಗೆ ಸರಿದುಕೊಂಡೆ. ಇಷ್ಟು ಹೊತ್ತೂ ಸಿಸ್ಟರ್ ಸಿಸ್ಟರ್ ಎಂದೇ ಬರೆದೆ. ಅವರ ಹೆಸರು ಜೈಬುನ್ನಿಸಾ.