ಅಕಿರಾ ಎಂಬ ಹೆಸರಿಗೆ ನಾನು ಒಪ್ಪಿದ ಬಗೆ

ಗಲ್ಫ್‌ನಲ್ಲಿ ನಾವಿದ್ದ ಬಿನ್ ಒಮ್ರಾನ್ ಬಡಾವಣೆಯ ಆ ಬಾಡಿಗೆ ಮನೆಯನ್ನು ಈಗ ಕೆಡವಿದ್ದಾರೆಂದು ಕೇಳಿದ್ದೇನೆ. ನನಗೆ ಮಾತ್ರ ಅದರ ಹಳೆಯ ಎಸಿಯ ಗುಡುಗಾಟ ಇನ್ನೂ ಕೇಳಿಸುತ್ತದೆ.

ಆ ಮನೆಯಲ್ಲಿ ಅಂದಿನ ಶುಕ್ರವಾರ ಮೊಮ್ಮಗಳ ನಾಮಕರಣವಾಗಬೇಕಿತ್ತು. ಬುಧವಾರ ಸಂಜೆ ಮಗ ಅಂತರ್ಜಾಲದಿಂದ ಮುದ್ರಿಸಿದ ಹಾಳೆಯೊಂದನ್ನು ನನ್ನ ಮುಂದಿಟ್ಟ. ‘ಅಕಿರಾ: ಸಂಸ್ಕೃತ ಮೂಲದ ಹೆಣ್ಣುಹೆಸರು, ಅರ್ಥ, ಲಾವಣ್ಯಯುತ ಶಕ್ತಿ’ ಎಂದಿತ್ತು. ಮಗುವಿಗೆ ತೀರಿಹೋದ ನನ್ನ ತಾಯಿಯ ಹೆಸರಾಗಬೇಕೆಂಬುದು ನನ್ನ ಆಸೆ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಉಳಿದುದನ್ನು ನಿಘಂಟುಗಳಿಂದ ಕಲಿತವನು ನಾನು. ನನ್ನ ಸಂಸ್ಕೃತ ಕೋಶದಲ್ಲಿ ಆ ಪದವೇ ಇರಲಿಲ್ಲ.

“ಇದನ್ನು ನಾನು ಮಗುವಿನ ಕಿವಿಯಲ್ಲಿ ಹೇಳಲಾರೆ,” ಎಂದೆ. ನಮ್ಮಲ್ಲಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವವಳು ಸೋದರತ್ತೆ. ಮಗನಿಗೆ ಅಕ್ಕತಂಗಿಯರಿಲ್ಲದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

“ಹಾಗಾದರೆ ನಾಮಕರಣವೇ ಖಲಾಸ್, ಅಪ್ಪ,” ಎಂದು ಮಗ ಎದ್ದುಹೋದ. ಸೊಸೆ ಮಗುವನ್ನು ತಟ್ಟುತ್ತಿದ್ದಳು.

ನಾನು ಸ್ಟೋರ್‌ಕೀಪರನಾಗಿದ್ದ ಕಂಪನಿಗೆ ವಾಲ್ವ್ ಪರೀಕ್ಷಿಸಲು ಒಬ್ಬ ಹಿರಿಯ ಜಪಾನಿ ಎಂಜಿನಿಯರ್ ಬರುತ್ತಿದ್ದರು. ಮರುದಿನ ಅವರಿಗೆ ಹಾಳೆಯನ್ನು ಓದಿ ಹೇಳಿದೆ. ಅವರು ನಕ್ಕೇಬಿಟ್ಟರು.

“ಇದು ನಮ್ಮ ಹೆಸರು. ಹೆಚ್ಚಾಗಿ ಗಂಡಸರದು. ನನ್ನ ಓರಗೆಯವರಲ್ಲಿ ಬೀದಿಗೊಬ್ಬ ಅಕಿರಾ; ನನ್ನ ಅಣ್ಣನೂ ಅಕಿರಾ. ಈಗಿನವರು ಅಷ್ಟಾಗಿ ಇಡುವುದಿಲ್ಲ.”

ಗೆದ್ದೆನೆಂದುಕೊಂಡು, “ಅರ್ಥ?” ಎಂದೆ.

“ಯಾವ ಅಕ್ಷರದ್ದು?” ಎಂದವರೇ ಅಂಗೈಯ ಮೇಲೆ ಬೆರಳಿನಿಂದ ಬರೆದರು: ಸೂರ್ಯ, ಪಕ್ಕದಲ್ಲಿ ಚಂದ್ರ, ಎರಡೂ ಸೇರಿ ಬೆಳಕು. ಅದು ಅಣ್ಣನದಂತೆ. ಮತ್ತೊಂದು ಬರೆದರು, ಮಗದೊಂದು. ಬರಹ ಬೇರೆಬೇರೆ, ಅರ್ಥವೂ ಬೇರೆಬೇರೆ, ಉಚ್ಚಾರ ಮಾತ್ರ ಒಂದೇ.

“ನಮ್ಮ ಮಗುವಿಗೆ ಯಾವುದು ಸರಿ? ನೀವೇ ಆರಿಸಿ.”

ಅವರು ಕೈ ಹಿಂದೆಗೆದರು. “ಆರಿಸಬೇಕಾದವರು ಹೆಸರಿಟ್ಟವರು. ಅವರನ್ನು ಕೇಳಿದಿರಾ?”

ಕೇಳಿರಲಿಲ್ಲ. ಕೋಶವನ್ನು ಕೇಳಿದ್ದೆ, ಜಪಾನನ್ನೂ ಕೇಳಿದ್ದೆ. ಆ ಸಂಜೆ ಮನೆಗೆ ಬಂದು ಸೊಸೆಯನ್ನೇ ಕೇಳಿದೆ.

“ಅರ್ಥ ನಾನು ನೋಡಿಯೇ ಇಲ್ಲ ಮಾವ,” ಎಂದಳು ಸೊಸೆ. “ಆ ಹಾಳೆ ನಿಮ್ಮನ್ನು ಒಪ್ಪಿಸಲಿಕ್ಕೆ ಇವರು ತಂದದ್ದು. ನಾನು ಅಡುಗೆಮನೆಯಿಂದ ಒಂದೊಂದೇ ಹೆಸರು ಕೂಗಿ ನೋಡಿದೆ. ನಿಮ್ಮ ಈ ಎಸಿಯ ಗದ್ದಲದಲ್ಲೂ ಚೆನ್ನಾಗಿ ಕೇಳಿದ್ದು ಇದು.”

“ನನ್ನ ಅಮ್ಮನ ಹೆಸರನ್ನು ಕೂಗಲಿಲ್ಲವೇ?”

“ಕೂಗಿದೆ. ನೀವು ಪೇಪರ್ ಬಿಟ್ಟು ಎದ್ದು ಬಾಗಿಲ ತನಕ ಹೋದಿರಿ. ಅತ್ತಿತ್ತ ನೋಡಿ ಬಂದು ಕುಳಿತಿರಿ. ದಿನಕ್ಕೆ ಹತ್ತು ಸಲ ಕೂಗಬೇಕಾದ ಹೆಸರು, ಮಾವ. ನನಗೆ ಧೈರ್ಯ ಬರಲಿಲ್ಲ.”

ಆ ದಿನ ನನಗೂ ನೆನಪಿತ್ತು. ಅಮ್ಮನನ್ನು ಯಾರೋ ಕರೆದಂತೆ ಕೇಳಿಸಿದ್ದನ್ನು ತೂಕಡಿಕೆಯ ಕನಸೆಂದುಕೊಂಡಿದ್ದೆ.

ಶುಕ್ರವಾರ ಮಗುವಿನ ಕಿವಿಯಲ್ಲಿ ಮೂರು ಸಲ ಅಕಿರಾ ಎಂದೆ. ಮೂರನೆಯ ಸಲ ನನ್ನ ದನಿ ನಡುಗಿತೆಂದು ಮನೆಯವರೆಲ್ಲ ಇಂದಿಗೂ ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.