ತುಳಸಿಕಟ್ಟೆಯ ಕೆಳಗಿನ ಕಲ್ಲು

ಮಾಬೂಬಿ ಅಕ್ಕ, ನಮ್ಮೆರಡು ಮನೆಗಳ ಗಡಿ ತೋರಿಸುವ ಆ ಹದ್ದಿನ ಕಲ್ಲು ಇತ್ತು. ನನ್ನ ತುಳಸಿಕಟ್ಟೆಯ ಒಳಗೇ ಇತ್ತು. ಅದನ್ನು ಮುಚ್ಚಲೆಂದೇ ನಾನು ಆ ಕಟ್ಟೆ ಕಟ್ಟಿದ್ದು.

ಬರೆದೇಬಿಟ್ಟೆ ನೋಡು — ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು, ಮೂರೇ ಸಾಲು. ಹೆದರಿಕೆಯಲ್ಲ ಇದು. ಪರೀಕ್ಷೆಯ ಹಿಂದಿನ ದಿನದ ಹುಡುಗಿಯ ಹಾಗೆ ಒಂಥರಾ ಎಕ್ಸೈಟ್‌ಮೆಂಟು. ನಾಳೆ ಬೆಳಿಗ್ಗೆ ತಿಕೋಟಾದ ಬಸ್ಸು ಹತ್ತುತ್ತೇನೆ. ನಿನಗೆ ಓದಲು ಬರುವುದಿಲ್ಲವಲ್ಲ, ನಿನ್ನ ಮಗಳ ಮನೆಯ ಪಡಸಾಲೆಯಲ್ಲಿ ಕೂತು ನಾನೇ ಓದಿ ಹೇಳುತ್ತೇನೆ. ಕಾಗದವಿಲ್ಲದೆ ಹೇಳಹೊರಟರೆ ಮತ್ತೆ ಬೇರೇನೋ ಹೇಳಿಬಿಡುತ್ತೇನೆ — ನನ್ನನ್ನು ನಾನು ಬಲ್ಲೆ.

ಎಪ್ಪತ್ತರ ದಶಕದ ನಡುವಿನ ಆ ಬೇಸಿಗೆ ನಿನಗೆ ನೆನಪಿರಬೇಕು. ಗೋಳಗುಮ್ಮಟದ ಹಿಂದಿನ ನಮ್ಮ ಓಣಿಗೆ ನಳ ಬರುತ್ತದೆ ಎಂಬ ಸುದ್ದಿ. ರಸ್ತೆಯ ಬದಿಗೆ ಪೈಪು ತಂದು ಒಟ್ಟಿದ್ದರು. ನಾವಿಬ್ಬರೂ ಹೋಗಿ ಕೈಯಿಂದ ಮುಟ್ಟಿ ಬಂದಿದ್ದೆವು, ಹೊಸ ಸೀರೆ ಮುಟ್ಟಿದ ಹಾಗೆ. ಅಲ್ಲಿಯವರೆಗೆ ಬಾವಿಯೇ ಗತಿ. ನಾನು ಒಂದು ಕೊಡ ಹೊತ್ತು ದಾರಿಯುದ್ದಕ್ಕೂ ಚೆಲ್ಲುತ್ತ ಬರುತ್ತಿದ್ದರೆ, ನೀನು ಎರಡು ಹೊತ್ತು ಹಿಂದಿನಿಂದ ನಗುತ್ತಿದ್ದೆ. ಅತ್ತಿಗೆ ಎನ್ನುವ ಸಲುಗೆಯಲ್ಲಿ ನನ್ನನ್ನು ವೈನಿ ಎಂದು ಕರೆಯುತ್ತಿದ್ದ ನೀನು ಒಂದು ದಿನ ಹೇಳಿದ್ದು —

"ವೈನಿ, ಇದು ಕಾನ್ವೆಂಟ್ ಸೊಂಟ ಐತಿ. ಇದರ ಮ್ಯಾಲ ಕೊಡ ನಿಲ್ಲಂಗಿಲ್ಲ, ಬುಕ್ಕ ಅಷ್ಟ ನಿಲ್ತಾವ."

ಬಾವಿಯ ಹತ್ತಿರ ಇದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ — ಓಣಿಯ ಮೊದಲ ನಳ ನನ್ನದೇ ಆಗಬೇಕು ಎಂದು ಅವತ್ತೇ ನಿಶ್ಚಯಿಸಿಕೊಂಡೆ.

ನೀರಿನ ಲೈನು ಇದ್ದದ್ದು ಹಿಂದಿನ ರಸ್ತೆಯಲ್ಲಿ. ಅಲ್ಲಿಂದ ನಮ್ಮೆರಡು ಮನೆಗೆ ಪೈಪು ಬರಲು ಇದ್ದ ದಾರಿ ಒಂದೇ — ನಮ್ಮ ಗೋಡೆಗೂ ನಿಮ್ಮ ಗೋಡೆಗೂ ನಡುವಿನ ಆ ಸಣ್ಣ ಸಂದಿ. ಸಂದಿ ಯಾರ ಜಾಗವೋ ನಳ ಅವರಿಗೇ ಎಂಬುದು ನಿಯಮ. ಇನ್ನೊಬ್ಬರಿಗೆ ಬೇಕಾದರೆ ಅವರ ಒಪ್ಪಿಗೆ ಪಡೆಯಬೇಕು. ಸಂದಿ ನಿಮ್ಮದು. ನಮ್ಮ ಗೋಡೆಯ ಬುಡಕ್ಕೇ ಕಲ್ಲು ನಿಂತಿತ್ತು, ಮೇಲೊಂದು ಸುಣ್ಣದ ಗುರುತು. ನಿನ್ನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆ ನಗು ಕೇಳಿದ ಮೇಲೆ ಕೇಳುವುದು — ನನ್ನಿಂದ ಆಗಲಿಲ್ಲ.

ನೀವೆಲ್ಲ ಮದುವೆಗೆಂದು ಬಬಲೇಶ್ವರಕ್ಕೆ ಹೋದ ದಿನ, ಸುಡುವ ಮಧ್ಯಾಹ್ನ, ಡಬ್ಬಿಯಲ್ಲಿದ್ದ ತುಳಸಿಯನ್ನು ಎತ್ತಿ ತಂದೆ. ಇಟ್ಟಿಗೆ ಜೋಡಿಸಿದೆ, ಮಣ್ಣು ಕಲಸಿದೆ, ಕಲ್ಲನ್ನು ಇದ್ದಲ್ಲೇ ಒಳಗೆ ಸೇರಿಸಿ ಸುತ್ತ ಕಟ್ಟೆ ಎಬ್ಬಿಸಿದೆ. ಸಂಜೆಗೆ ದೀಪವನ್ನೂ ಇಟ್ಟೆ. ದೇವರನ್ನು ನನ್ನ ಕಳವಿನ ಕಾವಲಿಗೆ ನಿಲ್ಲಿಸಿದೆ, ಅಕ್ಕ. ತಿರುಗಿ ಬಂದು ನೋಡಿ "ಚಂದ ಆಗೈತಿ ವೈನಿ" ಎಂದವಳು ನೀನು.

ಸಂದಿ ಯಾರದೆಂದು ಅಳೆದು ಬರೆದುಕೊಳ್ಳಲು ಸಾಹೇಬರು ಬಂದಾಗ ನಿನ್ನ ಗಂಡ ಊರಲ್ಲಿರಲಿಲ್ಲ. "ಕಲ್ಲು ಈ ಕಟ್ಟಿ ಕೆಳಗ ಇರಬೇಕ್ರಿ" ಎಂದು ನೀನು ತೋರಿಸಿದೆ. ಅವರು ನನ್ನತ್ತ ತಿರುಗಿದರು. ನಾನು ಹೇಳಿದೆ — "ನೋ ಸರ್, ದೇರ್ ವಾಸ್ ನೋ ಸ್ಟೋನ್." ನಿನಗೆ ತಿಳಿಯದ ಭಾಷೆಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬಂತು. ಕಲ್ಲು ಇಲ್ಲವಂತೆ ಎಂದು ಸಾಹೇಬರು ನಿನಗೆ ಕನ್ನಡದಲ್ಲಿ ಹೇಳಿದರು, ಆದರೂ ಅವರಿಗೆ ಅನುಮಾನ. ಕಟ್ಟೆ ಕಿತ್ತು ನೋಡೋಣವೆಂದು ಆಳಿಗೆ ಹಾರೆ ತರಲು ಹೇಳಿದರು. ಆಗ ನೀನೇ ಅಡ್ಡ ನಿಂತೆ.

"ಬ್ಯಾಡ್ರಿ ಸಾಹೇಬ್ರ. ವೈನಿ ದಿನಾ ದೀಪಾ ಹಚ್ಚೋ ಕಟ್ಟಿ ಅದು. ಅದಕ್ಕ ಹಾರಿ ಹಾಕಿ ತಗೊಂಡ ನೀರು ನನ್ನ ಗಂಟಲದಾಗ ಇಳಿಯಂಗಿಲ್ಲ. ವೈನಿ ಇಲ್ಲ ಅಂದ್ರ ಇಲ್ಲ. ಬರಕೋರಿ."

ಬರೆದುಕೊಂಡರು. ಸಂದಿ ನಮ್ಮದಾಯಿತು.

ನಳಕ್ಕೆ ನೀರು ಬಂದ ದಿನ! ಮೊದಲು ಬರೀ ಗಾಳಿಯ ಬುಸುಗುಟ್ಟುವಿಕೆ, ಆಮೇಲೆ ಕೆಂಪು ನೀರು, ಆಮೇಲೆ ಕನ್ನಡಿಯಂಥ ನೀರು. ನಾನು ಬೊಗಸೆ ತುಂಬಿಕೊಂಡು ಮುಖಕ್ಕೆ ಎರಚಿಕೊಂಡೆ, ಸೀರೆಯೆಲ್ಲ ತೊಯ್ದು ಕುಣಿದಾಡಿದೆ. ಬಾಗಿಲಲ್ಲಿ ನಿಂತು ನೀನೂ ಚಪ್ಪಾಳೆ ತಟ್ಟಿದೆ. ಆ ಖುಷಿ ಸುಳ್ಳಾಗಿರಲಿಲ್ಲ. ಅದಕ್ಕೇ ಇವತ್ತು ಹೆಚ್ಚು ನಾಚಿಕೆ.

ಅವತ್ತಿನಿಂದ ದಿನಾ ನಿನಗೆ ಎರಡು ಕೊಡ ನೀರು ಬಿಟ್ಟೆ. ಉಳಿದದ್ದಕ್ಕೆ ನೀನು ಬಾವಿಗೇ ಹೋದೆ. "ವೈನಿದು ಎಷ್ಟ ದೊಡ್ಡ ಮನಸ್ಸು ನೋಡ್ರಿ" ಎಂದು ಓಣಿಯೆಲ್ಲ ಹೊಗಳಿತು — ನಾನು ಹೊಗಳಿಸಿಕೊಂಡೆ. ಸಂದಿಯಲ್ಲಿ ಎರಡು ಪೈಪಿಗೆ ಜಾಗವಿತ್ತು. ಒಪ್ಪಿಗೆಯ ಒಂದು ಸಾಲು ಬರೆದುಕೊಡಬಹುದಿತ್ತು. ಬರೆಯಲಿಲ್ಲ, ಏಕೆಂದರೆ ಎರಡನೆಯ ಪೈಪಿಗೆ ಕಟ್ಟೆಯ ಬುಡ ಅಗೆಯಬೇಕಾಗುತ್ತಿತ್ತು. ಓಣಿಯಲ್ಲೇ ಲೈನು ಬರುವವರೆಗೆ ಒಂಬತ್ತು ಬೇಸಿಗೆ ನೀನು ನೀರು ಹೊತ್ತೆ. ಸೊಂಟ ಬಾಗಿದ್ದು ನಿನ್ನದು.

ನಿನ್ನೆ ಗೌಂಡಿಯನ್ನು ಕರೆಸಿ ಕಟ್ಟೆ ಬಿಚ್ಚಿಸಿದೆ. ತುಳಸಿ ಈಗ ಕುಂಡದಲ್ಲಿದೆ. ಸುಣ್ಣ ಮಾಸಿದೆ, ಕಲ್ಲು ಇದ್ದಲ್ಲೇ ಇದೆ. ನಿನ್ನ ಮಗ ಗೋಡೆಯಾಚೆಯಿಂದ ಇಣುಕಿ, "ಇದೇನ ಮಾಡಾಕತ್ತೀರಿ ಕಾಕು?" ಎಂದ. "ಮೊದಲ ನಿಮ್ಮವ್ವಗ ಹೇಳ್ತೀನಪಾ, ಆಮ್ಯಾಲ ನಿನಗ" ಎಂದೆ. ಸಂದಿಯನ್ನು ನಿಮ್ಮ ಹೆಸರಿಗೆ ತಿರುಗಿಸುವ ಅಪ್ಲಿಕೇಶನ್ನೂ ಬರೆದಿಟ್ಟಿದ್ದೇನೆ — ಈ ಸಲ ಕನ್ನಡದಲ್ಲಿ.

ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವುದು ನಿನ್ನ ರೂಢಿ. ನಾಳೆ ಕೊಡಬೇಡ. ಮೊದಲು ಇದನ್ನು ಕೇಳು. ಕೇಳಿದ ಮೇಲೂ ನಿನಗೆ ಕೊಡಬೇಕು ಅನಿಸಿದರೆ — ಇಲ್ಲ, ಅದನ್ನು ನಾನು ಬರೆಯಬಾರದು.